ತುರೊಬ್ ಅಕಾ ಕಚ್ಚಿಟ್ಟ ರೊಟ್ಟಿ

ಇತ್ತೋ ಇಲ್ಲವೋ, ಇದ್ದರೂ ನಮ್ಮ ನಿಮ್ಮ ಕಣ್ಣಿಗೆ ಬೀಳುವಷ್ಟು ದೊಡ್ಡದಿತ್ತೋ ಇಲ್ಲವೋ, ಒಂದು ಅರಮನೆ. ಆ ಅರಮನೆಯಲ್ಲಿ ಒಬ್ಬ ಕುಳ್ಳ ಆಳು. ಎಷ್ಟು ಕುಳ್ಳನೆಂದರೆ ಎಪ್ಪತ್ತಾರು ಮಣಿ ಪೋಣಿಸುವಷ್ಟರಲ್ಲಿ ಅವನ ಮೈ ಮುಗಿದುಹೋಗುತ್ತಿತ್ತು. ಅವನಿಗೆ ಅಡುಗೆ ಬಾರದು, ಕಾವಲು ಬಾರದು, ಕತ್ತಿ ಹಿಡಿಯಲು ಬಾರದು. ಬರುವುದು ಒಂದೇ ಕೆಲಸ, ಓಡಾಡುವವರ ಅಂಗಿಯ ಚುಂಗು ಹಿಡಿದು ನೇತಾಡುವುದು. ಒಬ್ಬನೇ ನೇತಾಡಿದರೆ 'ಈ ಕೋಣೆ ಬಿಟ್ಟು ಆ ಕೋಣೆಗೆ ನಡಿ' ಎಂದು ಅರ್ಥ. ಅವನ ಚುಂಗನ್ನು ಅವನಂಥದೇ ಇನ್ನೊಬ್ಬ ಕುಳ್ಳ, ಇನ್ನೊಬ್ಬನದನ್ನು ಮತ್ತೊಬ್ಬ ಹಿಡಿದು ನಾಲ್ವರು ಸಾಲಾಗಿ ಜೋತುಬಿದ್ದರೋ, ಮಂತ್ರಿಯಾದರೂ ಸರಿ, ದಂಡನಾಯಕನಾದರೂ ಸರಿ, ನೇರ ಹಿತ್ತಲಿನಲ್ಲಿರುವ ಹಲ್ಲಿನ ಪೀಪಾಯಿಯೊಳಕ್ಕೆ. ಪೀಪಾಯಿಯ ಬಾಯಿಗೆ ಬಂದೊಡನೆ ಕುಳ್ಳರು ಮಾತ್ರ ಟಣ್ಣನೆ ಕೆಳಕ್ಕೆ ಹಾರಿ, ಮೈ ಕೊಡವಿಕೊಂಡು, ಮುಂದಿನ ಚುಂಗು ಹುಡುಕಿಕೊಂಡು ಹೋಗಿಬಿಡುತ್ತಿದ್ದರು. ಒಳಗೆ ಹೋದವನು ಯಾರು, ಏನು ತಪ್ಪು ಮಾಡಿದ್ದ ಎಂದು ಅವರು ಒಮ್ಮೆಯೂ ಕೇಳಿದವರಲ್ಲ.

ಇದು ಓಯ್ದಿನಳ ಅಜ್ಜಿ ಹೇಳಿದ ಕಥೆಯಲ್ಲ; ಅಜ್ಜಿಗೆ ಹೇಳಲೆಂದು ಓಯ್ದಿನಳೇ ಕಟ್ಟಿದ್ದು. ಹುಟ್ಟಿದಾಗಿನಿಂದ ಅಜ್ಜಿಯ ಕಥೆಗಳನ್ನು ತಿಂದೇ ಬೆಳೆದ ಮೊಮ್ಮಗಳು ತಾಷ್ಕೆಂಟಿನ ದೊಡ್ಡ ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿ ದಿನವಿಡೀ ಏನು ಮಾಡುತ್ತಾಳೆಂದು ನೆರೆಯವರು ಕೇಳಿದರೆ ಅಜ್ಜಿಯ ಬಾಯಲ್ಲಿ ಒಂದು ಉತ್ತರ ಇರಬೇಕಲ್ಲ. ಜೀವಕೋಶದೊಳಗಿನ ಆ ಕುಳ್ಳನ ನಿಜವಾದ ಹೆಸರಾದ ಯುಬಿಕ್ವಿಟಿನ್ ಅಜ್ಜಿಯ ಉಳಿದಿರುವ ಐದು ಹಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡು ಹೊರಗೆ ಬರುತ್ತಿರಲಿಲ್ಲ. 'ಚುಂಗು ಹಿಡಿಯೋರನ್ನ ಎಣಿಸ್ತಾಳೆ' ಎಂದರೆ ಸಲೀಸಾಗಿ ಬರುತ್ತಿತ್ತು, ನೆರೆಯವರೂ ಸರ್ಕಾರಿ ಕೆಲಸವೇ ಇರಬೇಕೆಂದು ತಲೆಯಾಡಿಸುತ್ತಿದ್ದರು.

ಆ ಸೋಮವಾರ ಬೆಳಿಗ್ಗೆ ಓಯ್ದಿನ್ ತನ್ನ ಇನ್ನೂರು ರೇಷ್ಮೆಹುಳುಗಳ ತಟ್ಟೆಗಳ ಮುಂದೆ ಕೂತು ಅವು ಹಿಪ್ಪುನೇರಳೆ ಎಲೆ ಮೇಯುವ ಸದ್ದನ್ನು ಕೇಳುತ್ತಿದ್ದಳು. ಒಣ ಎಲೆಯ ಮೇಲೆ ಯಾರೋ ಸಣ್ಣ ಮರಳು ಸುರಿಯುತ್ತಲೇ ಇರುವಂಥ ಸದ್ದು. ಇನ್ನು ಎರಡು ಮೂರು ದಿನ, ಅಷ್ಟೇ. ಆಮೇಲೆ ಇವು ಎಲೆ ಬಿಟ್ಟು ತಲೆ ಎತ್ತುತ್ತವೆ, ಗಾಳಿಯಲ್ಲಿ ಏನನ್ನೋ ಬರೆಯುವವರಂತೆ ಕತ್ತು ಆಡಿಸುತ್ತವೆ, ದಾರ ಬಿಡುತ್ತವೆ. ಗೂಡು ಮುಗಿದ ಮೇಲೆ ಹುಳುವಿನ ಹೊಟ್ಟೆಯೊಳಗಿನ ರೇಷ್ಮೆಯ ಗ್ರಂಥಿಗೆ ಕೆಲಸವಿಲ್ಲ. ಆಗ ಕುಳ್ಳರು ಬರುತ್ತಾರೆ, ಜೋತುಬೀಳುತ್ತಾರೆ, ಗ್ರಂಥಿಗೆ ಗ್ರಂಥಿಯೇ ಕರಗಿಹೋಗುತ್ತದೆ. ಮೊದಲ ಕುಳ್ಳ ಯಾವ ಗಳಿಗೆಯಲ್ಲಿ ಯಾರ ಚುಂಗು ಹಿಡಿಯುತ್ತಾನೆ? ಅದೇ ಓಯ್ದಿನಳ ಮೂರು ವರ್ಷದ ಪ್ರಶ್ನೆ. ಅದಕ್ಕೆ ಹಸಿ ಗ್ರಂಥಿ ಬೇಕು, ಅದನ್ನು ಅರೆದು ಆಗಿಂದಾಗ ಗಿರಗಿರನೆ ತಿರುಗಿಸಿ ತಿಳಿಯನ್ನು ಗಸಿಯಿಂದ ಬೇರೆ ಮಾಡುವ ಸೆಂಟ್ರಿಫ್ಯೂಜ್ ಬೇಕು. ತೆಗೆದಿಟ್ಟು ಆಮೇಲೆ ನೋಡೋಣವೆಂದರೆ ಕುಳ್ಳರು ಚುಂಗು ಬಿಟ್ಟು ಪರಾರಿ. ಮೊದಲ ವರ್ಷ ಹುಳುಗಳಿಗೆ ರೋಗ ಬಂತು. ಎರಡನೆಯ ವರ್ಷ ಹುಳುಗಳು ಚೆನ್ನಾಗಿದ್ದವು, ಸೆಂಟ್ರಿಫ್ಯೂಜಿಗೆ ರೋಗ ಬಂತು. ಇದು ಮೂರನೆಯ ವರ್ಷ, ಕಡೆಯದು. ಇದೂ ಹೋದರೆ ಅವಳು ಕುರ್ಚಿ ಖಾಲಿ ಮಾಡಿ ಯಾವುದಾದರೂ ಶಾಲೆಯಲ್ಲಿ ಕಪ್ಪೆಯ ಚಿತ್ರ ಬರೆಸುತ್ತ ಕೂರಬೇಕು. ಸೆಂಟ್ರಿಫ್ಯೂಜ್ ಇನ್ನೂ ಗೋಡೆಯ ಪಕ್ಕದಲ್ಲಿ ಬಟ್ಟೆ ಹೊದ್ದು, ಮುನಿದ ಅತ್ತೆಯ ಹಾಗೆ ಕೂತಿತ್ತು.

"ಮಗಳೇ," ಎಂದು ಹಮ್ರೊಕುಲ್ ದೊಮ್ಲಾ ಬಾಗಿಲಲ್ಲಿ ಇಣುಕಿದರು. ಪ್ರಯೋಗಾಲಯದ ಯಜಮಾನರು ಅವರು. ದೊಮ್ಲಾ ಎಂದರೆ ಗುರುಗಳು. ಅವರ ಹೆಂಡತಿಯೂ ಹಾಗೇ ಕರೆಯುತ್ತಿದ್ದರು. "ತುರೊಬ್ ಫೋನ್ ಮಾಡಿದ್ದ. ಬುಧವಾರ ಬರ್ತಾನಂತೆ. ಬಿಡಿಭಾಗ ಸಿಕ್ಕಿದೆಯಂತೆ."

ಓಯ್ದಿನಳಿಗೆ ಎದ್ದು ಕುಣಿಯಬೇಕೆನಿಸಿತು. ಕುಣಿಯಲಿಲ್ಲ, ಏಕೆಂದರೆ ದೊಮ್ಲಾ ಇನ್ನೂ ಬಾಗಿಲಲ್ಲೇ ಇದ್ದರು.

"ಅವನ ರೊಟ್ಟಿ ಭದ್ರವಾಗಿದೆ ತಾನೆ?"

"ಇದೆ ದೊಮ್ಲಾ," ಎಂದಳು. ದೊಮ್ಲಾ ಒಂದು ಕ್ಷಣ ಅವಳ ಮುಖ ನೋಡಿದರು, ಆಮೇಲೆ ಹುಳುಗಳನ್ನು ನೋಡಿದರು, ಆಮೇಲೆ ತಮ್ಮ ಷೂ ನೋಡಿಕೊಂಡರು. ಅಂಗಳದ ಮರದಿಂದ ಉದುರಿದ ಹಣ್ಣು ತುಳಿದು ಅದು ನೇರಳೆಯಾಗಿತ್ತು. "ಇರ್ಬೇಕು, ಇರ್ಬೇಕು," ಎನ್ನುತ್ತ ಹೊರಟುಹೋದರು.

ತುರೊಬ್ ಅಕಾ ಸಂಸ್ಥೆಯ ಯಂತ್ರ ರಿಪೇರಿಯವರು; ಅಕಾ ಎಂದರೆ ಅಣ್ಣ. ಡಿಸೆಂಬರಿನಲ್ಲಿ ನೊವೊಸಿಬಿರ್ಸ್ಕಿಗೆ ಹೋಗುವ ದಿನ ಇದೇ ಕೋಣೆಯಲ್ಲಿ ನಿಂತಿದ್ದರು, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು. ಆ ಸೆಂಟ್ರಿಫ್ಯೂಜಿನ ಹೊಟ್ಟೆಯೊಳಗಿನ ಅಚ್ಚು ಮಾಡಿಕೊಡುವ ಒಬ್ಬನೇ ಒಬ್ಬ ಮುದುಕ ಅಲ್ಲಿದ್ದ. ಹೋಗಿಬರಲು ನಲವತ್ತು ದಿನ ಎಂದಿದ್ದರು, ಈಗ ಐದು ತಿಂಗಳಾಗಿತ್ತು. ಅಲ್ಲಿಗೆ ಹೋದ ಕೈಚಳಕದವರು ಹಿಂದಿರುಗುವುದು ಅಪರೂಪ ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ದೊಮ್ಲಾ, ಮೂವತ್ತು ದೇಶಗಳ ಸಮ್ಮೇಳನದಲ್ಲಿ ಮಾತನಾಡಿ ಬಂದವರು, ಚೋರ್ಸು ಬಜಾರಿನ ಹಿಂದಿನ ಓಣಿಯಿಂದ ಒಂದು ದುಂಡನೆಯ ರೊಟ್ಟಿ ತರಿಸಿದ್ದರು. ದೂರ ಹೋಗುವವರು ರೊಟ್ಟಿ ಕಚ್ಚಿ ಹೋಗಬೇಕು. ಉಳಿದದ್ದು ಅವರಿಗಾಗಿ ಕಾಯುತ್ತದೆ. ಅರ್ಧ ತಿಂದ ಅನ್ನ ಕರೆಯದೆ ಬಿಡುವುದಿಲ್ಲ. ತುರೊಬ್ ಅಕಾ ನಗುತ್ತಲೇ ಕಚ್ಚಿದ್ದರು. ಮೇಲಿನ ಸಾಲಿನಲ್ಲಿ ಅವರಿಗೆ ಮುಂದಿನ ಒಂದು ಹಲ್ಲಿಲ್ಲ. ಕಚ್ಚಿದ ಕಮಾನಿನ ನಡುವೆ ಒಂದು ಸಣ್ಣ ನಾಲಿಗೆಯ ಹಾಗೆ ರೊಟ್ಟಿ ಉಳಿದುಕೊಂಡಿತ್ತು. ಆಮೇಲೆ ಅದನ್ನು ಬೇರೆ ಯಾರಿಗೂ ಕೊಡದೆ ಓಯ್ದಿನಳ ಎರಡೂ ಕೈಯಲ್ಲಿ ಇಟ್ಟು, "ತಂಗೀ, ಇದು ನಿನ್ನ ಜವಾಬ್ದಾರಿ. ಬಂದ ದಿನ ನೀನೇ ನನ್ನ ಕೈಗೆ ಕೊಡ್ಬೇಕು. ಮಾತು ಕೊಡು," ಎಂದಿದ್ದರು. ಅವಳು ಮಾತು ಕೊಟ್ಟಿದ್ದಳು. ಅವಳೇ ಯಾಕೆ? ಕನಸು ಕಾಣುತ್ತ ಬಾಗಿಲಿಗೆ ಹಣೆ ಹೊಡೆದುಕೊಳ್ಳುವವಳು, ಎರಡು ಬೇರೆ ಬಣ್ಣದ ಕಾಲುಚೀಲ ಹಾಕಿಕೊಂಡು ಬರುವವಳು. ಅವಳನ್ನು ಯಾರೂ ಯಾವುದಕ್ಕೂ ನಂಬಿದವರಲ್ಲ. ಆ ದಿನ ಮನೆಗೆ ಹೋಗುವಾಗ ಮೆಟ್ರೋದಲ್ಲಿ ಅವಳು ಕುಳಿತುಕೊಂಡಿರಲಿಲ್ಲ, ಸೀಟು ಖಾಲಿಯಿದ್ದರೂ, ಜವಾಬ್ದಾರಿಯುಳ್ಳವರು ನಿಂತೇ ಹೋಗುತ್ತಾರೆಂದು.

ಗೋಡೆಗೆ ತೂಗುಹಾಕಿದ ರೊಟ್ಟಿಯ ಅಂಚನ್ನು ವಾರದೊಳಗೆ ಇಲಿ ಮೂಸಿತು. ಹಾಗಾಗಿ ಅವಳೇ ಬೆಳ್ಳಿ ಕಾಗದ ಸುತ್ತಿ ಮೈನಸ್ ಎಂಬತ್ತರ ಫ್ರೀಜರಿನ ಮೂರನೆಯ ಅರೆಯಲ್ಲಿ ಇಟ್ಟಿದ್ದಳು. ತಿನ್ನುವ ಪದಾರ್ಥ ಅಲ್ಲಿ ಇಡಕೂಡದೆಂದು ಬಾಗಿಲ ಮೇಲೇ ಬರೆದಿತ್ತು. ಆದರೆ ಅದು ತಿನ್ನುವ ಪದಾರ್ಥವಲ್ಲ, ಅದು ಆಣೆ.

ಈಗ ಆ ಅರೆ ಎಳೆದಳು. ಮಂಜಿನ ಹೊಗೆ ಮುಖಕ್ಕೆ ಬಡಿಯಿತು. ಹೊಗೆ ಇಳಿದ ಮೇಲೆ ಕಂಡದ್ದು ಹಿಮದಲ್ಲಿ ಒತ್ತಿದಂತಿದ್ದ ಒಂದು ದುಂಡನೆಯ ಖಾಲಿ.

ಬೆರಳ ತುದಿ ಮರಗಟ್ಟುತ್ತಿದ್ದರೂ ಅವಳು ಬಾಗಿಲು ಮುಚ್ಚಲಿಲ್ಲ. ಜನವರಿ ಕೊನೆಯ ಶುದ್ಧೀಕರಣದ ದಿನ ಅವಳಿಗೆ ನಿಧಾನವಾಗಿ, ಕಾಲಿನಿಂದ ತಲೆಯವರೆಗೆ ಏರುವ ತಣ್ಣನೆಯ ನೀರಿನ ಹಾಗೆ ನೆನಪಾಯಿತು. ವರ್ಷಕ್ಕೊಮ್ಮೆ ಫ್ರೀಜರಿನ ಹಳೆಯ ಗಂಟುಗಳನ್ನು ತೆಗೆಯುವಾಗ ಜಗಳವಾಗುತ್ತಿತ್ತೆಂದು ದೊಮ್ಲಾ ತಮ್ಮ ಪ್ರೀತಿಯ ಕುಳ್ಳನ ಪ್ರಕಾರವೇ ನಿಯಮ ಮಾಡಿದ್ದರು. ಬೇಡವೆನಿಸಿದ ವಸ್ತುವಿಗೆ ಒಂದು ಹಳದಿ ಚೀಟಿ ಅಂಟಿಸುವುದು. ಮುಂದಿನವರು ಒಪ್ಪಿದರೆ ಆ ಚೀಟಿಯ ಬಾಲಕ್ಕೆ ತಮ್ಮ ಚೀಟಿ. ಸಾಲಾಗಿ ನಾಲ್ಕಾದರೆ ಅದು ಗುಡಿಸುವ ಖೊಸಿಯತ್ ಖೋಲಾಳ ಪಾಲು. ಚೀಟಿಯ ಮೇಲೆ ಹೆಸರು ಬರೆಯುವಂತಿಲ್ಲ, ಕುಳ್ಳರಿಗೆ ಹೆಸರುಂಟೇ? ಉಳಿಸಬೇಕೆನ್ನುವವರು ಚೀಟಿಯನ್ನು ಕತ್ತರಿಸಲೆಂದು ಫ್ರೀಜರಿನ ಹಿಡಿಗೆ ದಾರದಲ್ಲಿ ಒಂದು ಕತ್ತರಿ ಕಟ್ಟಿತ್ತು. ಆ ಕತ್ತರಿಯನ್ನು ಈವರೆಗೆ ಉಗುರು ಕತ್ತರಿಸಲು ಪಕ್ಕದ ಮೇಜಿನ ರವಿಲ್ ಒಬ್ಬ ಬಳಸಿದ್ದ, ಅಷ್ಟೇ. ಆ ದಿನ ಅವಳು ಹಾಡು ಗುನುಗುತ್ತಿದ್ದಳು. ಬೆಳ್ಳಿ ಕಾಗದದ ಆ ದುಂಡನೆಯ ಗಂಟು ಅವಳಿಗೆ ಚಂದ್ರನ ಹಾಗೆ ಕಂಡಿತ್ತು. ಚಂದ್ರ ಫ್ರೀಜರಿಗೆ ಹೇಗೆ ಬಂದ, ಯಾರು ಮಡಚಿಟ್ಟರು ಎಂದು ಒಂದು ಕಥೆಯೂ ಹುಟ್ಟಿತ್ತು. ಹೆಸರು ಬರೆದಿರಲಿಲ್ಲ. ಬರೆಯಬೇಕಾಗಿದ್ದವಳು ಅವಳೇ. ರವಿಲನ ಹತ್ತಿಯ ಮೊಳಕೆ ಇರಬೇಕು, ಅವನಿಗೆ ಶಿಸ್ತಿಲ್ಲ ಎಂದುಕೊಂಡು, ಹಾಡು ನಿಲ್ಲಿಸದೆ, ಮೊದಲ ಚೀಟಿ ಅಂಟಿಸಿದ್ದಳು. ಶಿಸ್ತಿನ ಬಗ್ಗೆ ಸಣ್ಣ ಹೆಮ್ಮೆಯೂ ಆಗಿತ್ತು.

ಖೊಸಿಯತ್ ಖೋಲಾ ಮೆಟ್ಟಿಲ ಕೆಳಗೆ ಬಟ್ಟೆ ಹಿಂಡುತ್ತಿದ್ದಳು. ಎಲ್ಲರಿಗೂ ಚಿಕ್ಕಮ್ಮ, ಯಾರಿಗೂ ಹೆದರದವಳು.

"ಖೋಲಾ, ಚಳಿಗಾಲದಲ್ಲಿ ಫ್ರೀಜರ್ ತೊಳ್ದಾಗ ಬೆಳ್ಳಿ ಕಾಗದದ್ದು ಒಂದು ದುಂಡನೆ ಗಂಟು ಇತ್ತಲ್ಲ..."

"ಇತ್ತು. ನಾಲ್ಕು ಚೀಟಿ ಇತ್ತು. ನಾಲ್ಕಿದ್ರೆ ನಂದು ಅಂತ ನಿಮ್ಮ ದೊಮ್ಲಾನೇ ಗೋಡೆಗೆ ಬರ್ದು ಅಂಟ್ಸಿದ್ದಾರೆ."

"ಬಿಸಾಕಿದ್ರಾ?"

ಖೋಲಾ ಬಟ್ಟೆ ಬಕೆಟ್ಟಿಗೆ ಬಿಟ್ಟು ಸೊಂಟ ನೆಟ್ಟಗೆ ಮಾಡಿದಳು. "ಏನಂದೆ? ರೊಟ್ಟಿ ಬಿಸಾಕೋದಾ? ನಮ್ಮಮ್ಮ ನನ್ನ ಹೆತ್ತಿದ್ದು ಅದಕ್ಕಾ? ನೆನ್ಸಿ ನಮ್ಮ ಕೋಳಿಗೆ ಹಾಕ್ದೆ. ಕೆಂಪು ಹೇಂಟೆ ಇದೆಯಲ್ಲ, ಅದೊಂದೇ ತಿಂತು. ಬೇರೆ ಯಾವುದನ್ನೂ ಹತ್ರ ಬಿಡ್ಲಿಲ್ಲ, ಮುಂಡೇದು."

"ಕಚ್ಚಿದ ಗುರುತಿತ್ತಲ್ವಾ ಖೋಲಾ, ನೋಡ್ಲಿಲ್ವಾ?"

"ನೋಡ್ದೆ. ಇಲಿ ಅಂದ್ಕೊಂಡೆ."

"ಮೈನಸ್ ಎಂಬತ್ತರಲ್ಲಿ ಇಲಿಯಾ?"

"ನಿಮ್ಮಂಥ ಓದ್ದೋರ ಜಾಗ. ಇಲೀನೂ ಏನೋ ಕಲ್ತಿರ್ಬೇಕು ಅಂದ್ಕೊಂಡೆ." ಆಮೇಲೆ ದನಿ ತಗ್ಗಿಸಿ, "ನೋಡು ಮಗಾ, ನಾನು ಯಾರಿಗೂ ಹೇಳಲ್ಲ. ಎಲ್ಲರಿಗೂ ಇದೇ ಹೇಳೋದು," ಎಂದಳು. ಆ ಕಡೆಯ ಮಾತಿನ ಅರ್ಥವೇನೆಂದು ಯೋಚಿಸುವಷ್ಟು ಓಯ್ದಿನಳ ತಲೆ ಖಾಲಿಯಿರಲಿಲ್ಲ.

ಮಧ್ಯಾಹ್ನ ಚೋರ್ಸುವಿನ ಹಿಂದಿನ ಓಣಿಗೆ ಹೋದಳು. ತಂದೂರಿನ ಬಿಸಿಗೆ ಕೆಂಪಾದ ಮುಖದ ರೊಟ್ಟಿಯಾತ ತನ್ನ ಮುಳ್ಳಿನ ಅಚ್ಚಿನಿಂದ ಹಿಟ್ಟಿನ ನಡುವೆ ಏಳೆಸಳಿನ ಹೂವು ಒತ್ತುತ್ತಿದ್ದ. ಒಬ್ಬೊಬ್ಬ ರೊಟ್ಟಿಯವನದು ಒಂದೊಂದು ಅಚ್ಚು, ಏಳೆಸಳು ಈತನದೇ. "ಒಂದು ಕಡೆ ಸ್ವಲ್ಪ ಸೀದಿರೋದು ಎರಡು ಕೊಡಿ ಅಕಾ," ಎಂದಳು. ತುರೊಬ್ ಅಕಾರ ರೊಟ್ಟಿ ಎಡಗಡೆ ಸೀದಿತ್ತು.

"ಇವತ್ತು ಏನಾಗಿದೆ ಜನಕ್ಕೆ?" ಎಂದ ಆತ. "ಸೀದದ್ದು ಕೊಟ್ರೆ ದಿನಾ ಬೈತಾರೆ. ಇವತ್ತು ಕೇಳಿ ತಗೊಳ್ಳೋರಲ್ಲಿ ನೀನು ಮೂರನೆಯವಳು."

ಅವಳು ಕೇಳಿಸಿಕೊಳ್ಳಲಿಲ್ಲ. ಇನ್ನೊಬ್ಬರ ಹಲ್ಲಿನಿಂದ ಕಚ್ಚುವುದು ಹೇಗೆ ಎಂಬ ಪ್ರಶ್ನೆಯನ್ನು ತಲೆಯಲ್ಲಿ ಹೊತ್ತುಕೊಂಡು ಹೋಗುತ್ತಿದ್ದವಳಿಗೆ ಎದುರು ಬಂದವರ ಬಾಯಿಗಳೇ ಕಾಣುತ್ತಿದ್ದವು. ಕಲ್ಲಂಗಡಿ ಮಾರುವವನ ಮೇಲಿನ ಸಾಲು ಪೂರ್ತಿ ಚಿನ್ನ, ಉಪಯೋಗವಿಲ್ಲ. ಟ್ರಾಮ್ ನಿಲ್ದಾಣದ ಮುದುಕನಿಗೆ ಸರಿಯಾದ ಜಾಗದಲ್ಲೇ ಹಲ್ಲಿರಲಿಲ್ಲ, ಆದರೆ ಅಪರಿಚಿತನ ಮುಂದೆ ರೊಟ್ಟಿ ಹಿಡಿದು 'ದಯವಿಟ್ಟು ಒಂದು ಸಲ ಕಚ್ಚಿ, ನುಂಗಬೇಡಿ' ಎನ್ನುವುದು ಹೇಗೆ? ಅವಳು ಅವನ ಬಾಯಿಯನ್ನೇ ಅಷ್ಟು ಹೊತ್ತು ನೋಡಿದ್ದಕ್ಕೆ ಆತ ಮೀಸೆ ಒರೆಸಿಕೊಂಡು, ಆಮೇಲೆ ಒಂದು ಹೆಜ್ಜೆ ದೂರ ಸರಿದು ನಿಂತ.

ಮನೆಯ ಅಂಗಳದ ಜಗಲಿಯಲ್ಲಿ ಕೂತು ಮೊದಲ ರೊಟ್ಟಿಯನ್ನು ತಾನೇ ಕಚ್ಚಿನೋಡಿದಳು. ಶಾಲೆಯ ಹುಡುಗಿಯ ಅಕ್ಷರದಂತೆ ಸಾಲಾದ, ಅಪ್ರಯೋಜಕ ಗುರುತು ಬಂತು. ಆ ರೊಟ್ಟಿಯನ್ನು ಪೂರ್ತಿ ತಿಂದು ಮುಗಿಸಬೇಕಾಯಿತು. ರೊಟ್ಟಿಯನ್ನು ಎಸೆಯುವಂತಿಲ್ಲ, ಸಾಕ್ಷಿಯನ್ನು ಉಳಿಸುವಂತಿಲ್ಲ. ಆಮೇಲೆ ಹುಳುವಿನ ಹೊಟ್ಟೆ ಸೀಳುವ ಸಣ್ಣ ಚಾಕು ತೆಗೆದಳು. ಫೋನಿನಲ್ಲಿ ಡಿಸೆಂಬರಿನ ಚಿತ್ರವಿತ್ತು, ತುರೊಬ್ ಅಕಾ ಹಲ್ಲು ಕಿಸಿದು ರೊಟ್ಟಿ ಹಿಡಿದದ್ದು. ಅದನ್ನು ಹಿಗ್ಗಿಸಿ ಹಿಗ್ಗಿಸಿ, ಒಂದೊಂದೇ ಹಲ್ಲಿನ ಗುಳಿಯನ್ನು ಅಳೆದು ಕೆತ್ತತೊಡಗಿದಳು. ಮೂರು ವರ್ಷದ ಸಂಶೋಧನೆಯಲ್ಲಿ ಅವಳ ಕೈ ಇಷ್ಟು ನಡುಗದೆ ಕೆಲಸ ಮಾಡಿದ್ದಿಲ್ಲ. ಈ ನಿಖರತೆಯನ್ನು ದೊಮ್ಲಾ ನೋಡಬೇಕಿತ್ತು ಎಂದು ಒಂದು ಕ್ಷಣ ಅನ್ನಿಸಿ, ಮರುಕ್ಷಣ ಕಿವಿ ಬಿಸಿಯಾಯಿತು.

"ಏನೇ ಅದು, ರೊಟ್ಟಿಗೆ ಚಾಕು ಹಾಕ್ತಿದ್ದೀಯಾ?" ಅಜ್ಜಿ ಎದುರಿಗೆ ಬಂದು ಕೂತಿದ್ದಳು.

"ಪ್ರಯೋಗ ಅಜ್ಜಿ."

"ಪ್ರಯೋಗಕ್ಕೆ ಅಷ್ಟೊಂದು ಬೆವರ್ತಾರಾ? ಕಳ್ಳತನಕ್ಕೆ ಬೆವರ್ತಾರೆ." ಅಜ್ಜಿ ರೊಟ್ಟಿಯನ್ನು ದಿಟ್ಟಿಸಿದಳು. "ಯಾರ ಹಲ್ಲು ಇದು? ಚೆನ್ನಾಗಿ ತೇದಿದೆ. ಮದುವೆ ಆಗಿದೆಯಾ ಅವನಿಗೆ?"

"ಅಜ್ಜಿ, ಸುಮ್ನಿರಿ."

"ಸುಮ್ನಿದ್ದೀನಿ. ಆ ನಿನ್ನ ಪೀಪಾಯಿ ಕಥೆ ಅರ್ಧಕ್ಕೇ ಬಿಟ್ಟಿದ್ದೆ. ಒಳಗೆ ಹೋದ ಮಂತ್ರಿ ಏನಾದ?"

"ಚೂರು ಚೂರಾದ."

"ಆಮೇಲೆ?"

"ಆಮೇಲೇನು. ಚೂರನ್ನೆಲ್ಲ ತಗೊಂಡು ಬೇರೆ ಯಾರನ್ನೋ ಮಾಡ್ತಾರೆ. ತೋಟದವನನ್ನೋ, ಕುದುರೆ ನೋಡ್ಕೊಳ್ಳೋನನ್ನೋ."

"ಹಾಗಿದ್ರೆ ಸತ್ತೋನು ಯಾರೇ ಅದ್ರಲ್ಲಿ?"

ಓಯ್ದಿನ್ ಚಾಕುವಿನ ಮೇಲೆ ಇನ್ನಷ್ಟು ಬಗ್ಗಿದಳು. ಹಲ್ಲಿಲ್ಲದ ಜಾಗದ ಆ ಸಣ್ಣ ನಾಲಿಗೆಯನ್ನು ಉಳಿಸಿ ಎರಡೂ ಕಡೆ ಕೆತ್ತುವುದು ಬಹಳ ಸೂಕ್ಷ್ಮದ ಕೆಲಸವಾಗಿತ್ತು.

ಮಂಗಳವಾರ ಎಲ್ಲರಿಗಿಂತ ಮೊದಲು ಹೋಗಿ ತನ್ನ ಗಂಟನ್ನು ಮೂರನೆಯ ಅರೆಯಲ್ಲಿಟ್ಟಳು. ಹಿಮದ ಆ ದುಂಡು ಖಾಲಿಯಲ್ಲಿ ಅದು ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಆ ದಿನವೆಲ್ಲ ಪ್ರಯೋಗಾಲಯದಲ್ಲಿ ಒಂದು ವಿಚಿತ್ರ ವಿನಯ ಹರಡಿತ್ತು. ಹತ್ತಿಯ ಮೇಲೆ ಕೆಲಸ ಮಾಡುವ ತಾತಾರರ ಹುಡುಗ ರವಿಲ್, ದಿನಾ ಅವಳನ್ನು 'ಏಳು ಸುಲ್ತಾನಾ, ಬೆಳಗಾಯ್ತು' ಎಂದು ಕೆಣಕುವವನು, ಆ ದಿನ ಅವಳಿಗೆ ತಾನೇ ಚಹಾ ತಂದುಕೊಟ್ಟ. ದೊಮ್ಲಾ ಎರಡು ಸಲ ಫ್ರೀಜರಿನ ಕೋಣೆಗೆ ಹೋಗಿ, ಬರಿಗೈಯಲ್ಲಿ ಬಂದು, 'ತಾಪಮಾನ ಸರಿಯಿದೆ' ಎಂದು ಯಾರೂ ಕೇಳದಿದ್ದರೂ ಹೇಳಿದರು. ತನ್ನ ಮುಖದಲ್ಲಿ ಏನಾದರೂ ಕಾಣುತ್ತಿರಬೇಕು, ಅದಕ್ಕೇ ಎಲ್ಲರೂ ಹೀಗಾಡುತ್ತಿದ್ದಾರೆ ಎಂದು ಓಯ್ದಿನ್ ಹುಳುಗಳ ಕಡೆಗೇ ತಿರುಗಿ ಕೂತಳು. ಇನ್ನೂರು ಬಾಯಿಗಳು, ಕಚ್ಚಿದ ಗುರುತಿನ ಬಗ್ಗೆ ಒಂದಿಷ್ಟೂ ನಾಚಿಕೆಯಿಲ್ಲದೆ, ಎಲೆಯ ಅಂಚನ್ನು ಕಮಾನು ಕಮಾನಾಗಿ ತಿನ್ನುತ್ತಿದ್ದವು.

ಬುಧವಾರ ಹನ್ನೊಂದಕ್ಕೆ ತುರೊಬ್ ಅಕಾ ಬಂದರು. ಗಡ್ಡ ಬಂದಿತ್ತು, ಕೆನ್ನೆ ಇಳಿದಿತ್ತು, ಹೆಗಲ ಮೇಲೆ ಮಗುವನ್ನು ಹೊತ್ತಂತೆ ಒಂದು ಮರದ ಪೆಟ್ಟಿಗೆ. ಅದೇ ಹೊತ್ತಿಗೆ ಮೊದಲನೆಯ ತಟ್ಟೆಯಲ್ಲಿ ಏಳೆಂಟು ಹುಳುಗಳು ಮೇಯುವುದನ್ನು ಬಿಟ್ಟು ತಲೆ ಎತ್ತಿದ್ದವು.

"ಸುಖವಾಗಿ ಬಂದ್ಯಾ, ಆರೋಗ್ಯವಾ, ಮನೆ ಮಠವಾ," ಎಂದು ದೊಮ್ಲಾ ಎದೆಯ ಮೇಲೆ ಕೈಯಿಟ್ಟುಕೊಂಡು ಒಂದೇ ಉಸಿರಿಗೆ ಕೇಳಿ, "ಮೊದಲು ಯಂತ್ರ ನೋಡ್ಬಿಡಪ್ಪ. ಈ ಹುಡುಗಿಯ ಹುಳ ತಲೆ ಎತ್ತಿವೆ," ಎಂದರು.

"ಮೊದಲು ರೊಟ್ಟಿ ದೊಮ್ಲಾ."

"ರೊಟ್ಟಿ ಎಲ್ಲಿ ಓಡಿಹೋಗತ್ತೆ? ಎರಡು ಗಂಟೆ ಕೆಲಸ..."

"ಹಾಗಲ್ಲ." ತುರೊಬ್ ಅಕಾ ಕೈ ತೊಳೆದು ಮೇಜಿನ ಮುಂದೆ ಕೂತೇಬಿಟ್ಟರು. "ಕಚ್ಚಿ ಹೋದೋನು ಅದನ್ನ ತಿನ್ನೋ ತನಕ ಬಂದ ಲೆಕ್ಕ ಅಲ್ಲ. ನಮ್ಮಮ್ಮ ಅಂಗಳದಲ್ಲೇ ನಿಲ್ಸೋರು. ಬರದೇ ಇರೋನು ಸ್ಪ್ಯಾನರ್ ಹಿಡಿಯೋದು ಹೇಗೆ? ಕೊಡು ತಂಗೀ."

ಓಯ್ದಿನ್ ಎದ್ದಳು. "ನೀನು ಕೂತ್ಕೋ, ನಾನು ತರ್ತೀನಿ," ಎಂದು ರವಿಲ್ ಅವಳಿಗಿಂತ ಮೊದಲು ಓಡಿದ. "ಬೇಡಪ್ಪ, ಎಲ್ಲಿದೆ ಅಂತ ನಂಗೇ ಸರಿಯಾಗಿ ಗೊತ್ತು," ಎನ್ನುತ್ತ ದೊಮ್ಲಾ ತಮ್ಮ ವಯಸ್ಸಿಗೆ ತಕ್ಕದ್ದಲ್ಲದ ವೇಗದಲ್ಲಿ ಹೊರಟರು. ಫ್ರೀಜರಿನ ಬಾಗಿಲಲ್ಲಿ ಮೂವರ ಭುಜಗಳು ತಾಗಿದವು, ಮಂಜಿನ ಹೊಗೆಯಲ್ಲಿ ಮೂರು ಜೊತೆ ಕೈಗಳು ಬೇರೆ ಬೇರೆ ಅರೆಗಳಿಗೆ ಹೋದವು. ಹೊಗೆ ಇಳಿದಾಗ ಮೂವರ ಕೈಯಲ್ಲೂ ಒಬ್ಬೊಬ್ಬ ಬೆಳ್ಳಿ ಚಂದ್ರನಿದ್ದ.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಡೆದು ಬಂದು ಮೇಜಿನ ಮೇಲಿಟ್ಟರು, ಸಾಲಾಗಿ.

ತುರೊಬ್ ಅಕಾ ಒಂದೊಂದಾಗಿ ಬಿಚ್ಚಿದರು. ಮೂರರಲ್ಲೂ ಏಳೆಸಳು, ಮೂರರದ್ದೂ ಎಡಗಡೆ ಸೀದಿತ್ತು. ದೊಮ್ಲಾರದರಲ್ಲಿ ಕಚ್ಚಿದ ಗುರುತು ಕೈವಾರದಿಂದ ಎಳೆದಂತೆ ನುಣ್ಣಗೆ, ಅಗಲವಾಗಿ, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟಿನ ಮಹಿಮೆ ಸಾರುತ್ತಿತ್ತು. ರವಿಲನದರಲ್ಲಿ ಕಾಲುಭಾಗ ರೊಟ್ಟಿಯೇ ಇರಲಿಲ್ಲ.

"ಇದು ಕಚ್ಚಿದ್ದಾ, ಊಟ ಮಾಡಿದ್ದಾ?" ಎಂದರು ತುರೊಬ್ ಅಕಾ.

"ಹೆಪ್ಪುಗಟ್ಟಿದಾಗ ರೊಟ್ಟಿ ಸ್ವಲ್ಪ ಕುಗ್ಗತ್ತೆ ಅಕಾ," ಎಂದ ರವಿಲ್, ನೆಲ ನೋಡುತ್ತ.

"ಅಪರೂಪಕ್ಕೆ ಮೂರೂ ನಿಂದೇ ಆಗಿರ್ಬೋದು," ಎಂದರು ದೊಮ್ಲಾ. ಜೀವಮಾನದಲ್ಲಿ ಮೊದಲ ಬಾರಿಗೆ ಅವರ ವಾದಕ್ಕೆ ಆಧಾರವಿರಲಿಲ್ಲ.

ತುರೊಬ್ ಅಕಾ ಮೂರನೆಯದನ್ನು ಎತ್ತಿಕೊಂಡರು. ಬೆರಳಿನಿಂದ ಆ ಸಣ್ಣ ನಾಲಿಗೆಯನ್ನು ಸವರಿದರು, ತಮ್ಮ ಹಲ್ಲಿನ ಸಂದಿಯಲ್ಲಿ ನಾಲಿಗೆ ಆಡಿಸಿ ನೋಡಿಕೊಂಡರು. ಅವರ ಮುಖ ಸಡಿಲವಾಯಿತು. "ಇದು ನನ್ನದು. ಆ ಎರಡು ಯಾರದ್ದೋ ಏನೋ, ಇದು ನನ್ನದೇ," ಎಂದರು. ಕಲ್ಲಾಗಿದ್ದ ರೊಟ್ಟಿಯನ್ನು ಕೆಟಲಿನ ಹಬೆಗೆ ಹಿಡಿದರು. ದೊಮ್ಲಾ ಮತ್ತು ರವಿಲ್ ಓಯ್ದಿನಳ ಕಡೆ ನೋಡಿದರು, ಮೊದಲು ಬೆರಗಿನಿಂದ, ಆಮೇಲೆ ಕೃತಜ್ಞತೆಯಿಂದ. ಮುಗಿಯಿತು, ಗೆದ್ದೆವು. ರೊಟ್ಟಿ ಮೆತ್ತಗಾಗುತ್ತಿತ್ತು, ಎಳ್ಳಿನ ಹಸಿ ಪರಿಮಳ ಏಳುತ್ತಿತ್ತು, ಐದು ತಿಂಗಳ ರೊಟ್ಟಿಗೆ ಇರಬಾರದಷ್ಟು ಹೊಸ ಪರಿಮಳ. ಅವರು ಇದನ್ನು ತಿಂದರೆ ಯಂತ್ರ ತಿರುಗುತ್ತದೆ, ಹುಳು ಉಳಿಯುತ್ತದೆ, ಕಪ್ಪೆಯ ಚಿತ್ರ ಬರೆಸಬೇಕಾಗಿಲ್ಲ. ಹಬೆಯ ಆಚೆ ತುರೊಬ್ ಅಕಾರ ಮುಖ ಕಾಣುತ್ತ ಮಾಯವಾಗುತ್ತ ಇತ್ತು, ಮನೆಯ ಹೊರಗೆ ಬಾಗಿಲು ತೆಗೆಯಲೆಂದು ಕಾದಿರುವವನ ಮುಖದ ಹಾಗೆ. ತನ್ನ ಸಣ್ಣ ಚಾಕುವಿನಿಂದ ಕೆತ್ತಿದ ಬಾಗಿಲು ಅದು. ಅದರ ಹಿಂದೆ ಮನೆಯಿಲ್ಲ. ಇವರು ಇಲ್ಲೇ ಓಡಾಡುತ್ತ, ಯಂತ್ರ ಬಿಚ್ಚುತ್ತ, ಚಹಾ ಕುಡಿಯುತ್ತ, ಯಾವತ್ತೂ ಬಂದೇ ಇರುವುದಿಲ್ಲ, ಅದು ಇವಳೊಬ್ಬಳಿಗೇ ಗೊತ್ತಿರುತ್ತದೆ. ರೊಟ್ಟಿ ಬಾಯಿಯ ಹತ್ತಿರ ಬಂತು.

"ತಿನ್ಬೇಡಿ ಅಕಾ," ಎಂದಳು ಓಯ್ದಿನ್. ತನ್ನ ದನಿ ಇಷ್ಟು ಸಣ್ಣದೆಂದು ಅವಳಿಗೆ ಗೊತ್ತಿರಲಿಲ್ಲ. "ಅದು ನಾನು ಕೆತ್ತಿದ್ದು. ನಿಮ್ಮ ರೊಟ್ಟಿ ಇಲ್ಲ. ಮೊದಲ್ನೇ ಚೀಟಿ ಅಂಟ್ಸಿದ್ದು ನಾನೇ, ಏನು ಅಂತ ಬಿಚ್ಚಿ ನೋಡ್ಲಿಲ್ಲ. ನಾನೇ ಸುತ್ತಿಟ್ಟಿದ್ದನ್ನ ನಾನೇ ಗುರ್ತಿಸ್ಲಿಲ್ಲ."

ಕೆಟಲು ಸದ್ದು ಮಾಡುತ್ತಿತ್ತು. ಅದನ್ನು ಆರಿಸಲು ರವಿಲ್ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಆಮೇಲೆ ಗೋಡೆಗೆ ಹೇಳುವವನಂತೆ, "ಎರಡನೇದು ನಾನು. ಮೊದಲ್ನೇದು ಇತ್ತಲ್ಲ, ಯಾರೋ ನೋಡೇ ಅಂಟ್ಸಿರ್ತಾರೆ ಅಂತ," ಎಂದ.

ದೊಮ್ಲಾ ಕನ್ನಡಕ ತೆಗೆದು ಒರೆಸಿದರು. "ಮೂರನೇದು ನನ್ನದು. ನಿಯಮ ಚೆನ್ನಾಗಿ ನಡೀತಿದೆ ಅಂತ ಖುಷಿಯಾಗಿತ್ತು."

"ನಾಲ್ಕನೇದು?" ಎಂದರು ತುರೊಬ್ ಅಕಾ.

ಬಾಗಿಲ ಹತ್ತಿರ ಕಸಬರಿಕೆ ಊರಿಕೊಂಡು ನಿಂತಿದ್ದ 'ಯಾರಿಗೂ ಹೇಳದ' ಖೊಸಿಯತ್ ಖೋಲಾ ಸೆರಗಿನಂಥ ತನ್ನ ತಲೆವಸ್ತ್ರವನ್ನು ಸರಿಮಾಡಿಕೊಂಡಳು. "ಏನ್ ನೋಡ್ತೀರಿ ಎಲ್ಲ? ಮೂರಿತ್ತು. ಮೂರು ದಿನ ಕಾದೆ, ನಾಲ್ಕನೇದು ಯಾರೂ ಅಂಟ್ಸಲಿಲ್ಲ. ನೀವು ಪುರುಸೊತ್ತಲ್ಲಿ ಯೋಚ್ನೆ ಮಾಡ್ತಾ ಕೂತ್ರೆ ನನ್ನ ಕೋಳಿ ಉಪವಾಸ ಸಾಯ್ಬೇಕಾ? ಅಂಟ್ಸಿದೆ."

"ಕೋಳಿ ತಿಂತಾ ನನ್ನ ರೊಟ್ಟೀನ?" ತುರೊಬ್ ಅಕಾ ರೊಟ್ಟಿಯನ್ನು ಮುಖ ಮೇಲಾಗಿ ಮೆಲ್ಲಗೆ ಮೇಜಿನ ಮೇಲಿಟ್ಟರು. ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು. "ಯಾವಾಗ?"

"ಫೆಬ್ರವರಿ ಮೊದಲ್ನೇ ವಾರ."

"ಅದೇ ನೋಡಿ. ಫೆಬ್ರವರಿಯಿಂದ ಅಲ್ಲಿ ನಂಗೆ ಊರ ನೆನಪೇ ಬರ್ತಿರ್ಲಿಲ್ಲ. ಆ ಮುದುಕ ಅಲ್ಲೇ ಇದ್ಬಿಡು ಅಂದ, ನಾನೂ ಹ್ಞೂ ಅಂದಿದ್ದೆ. ಟಿಕೆಟ್ ತಗೊಂಡಿದ್ದು ಬರೀ ಮಾತು ಕೊಟ್ಟಿದ್ದೀನಲ್ಲ ಅಂತ." ಅವರು ಮರದ ಪೆಟ್ಟಿಗೆಯ ಮೇಲೆ ಕೈಯಿಟ್ಟರು, ತೆರೆಯಲಿಲ್ಲ. "ಈಗ ನಾನು ಎಲ್ಲಿದ್ದೀನಿ ಅಂತ ನಂಗೇ ಗೊತ್ತಾಗ್ತಿಲ್ಲ."

ಪಕ್ಕದ ಕೋಣೆಯಲ್ಲಿ ಮೇಯುವ ಸದ್ದು ತೆಳ್ಳಗಾಗುತ್ತಿತ್ತು. ಓಯ್ದಿನಳಿಗೆ ಅದು ಕಾಲ ಬಸಿದುಹೋಗುವ ಸದ್ದಾಗಿ ಕೇಳಿಸಿತು. ಜೊತೆಗೇ, ಎಲ್ಲಿಂದಲೋ, ಒಂದು ಹುಚ್ಚು ಯೋಚನೆ. ಹುಚ್ಚೆಂದು ಗೊತ್ತಿದ್ದೂ ಬಾಯಿ ತೆರೆಯಿತು.

"ಖೋಲಾ, ಆ ಕೆಂಪು ಹೇಂಟೆ ಈಗ್ಲೂ ಮೊಟ್ಟೆ ಇಡತ್ತಾ?"

"ಇಡದೆ ಏನು. ಇವತ್ತಿನದು ಇಲ್ಲೇ ಇದೆ." ಖೋಲಾ ತನ್ನ ಚೀಲ ಬಿಚ್ಚಿದಳು. ನಾಲ್ಕು ಮೊಟ್ಟೆಗಳಿದ್ದವು. "ಇವತ್ತು ಹಿಂಗೇನೋ ಆಗತ್ತೆ ಅಂತ ಗೊತ್ತಿತ್ತು, ಅದಕ್ಕೇ ತಂದೆ. ಈ ಕಂದು ಚುಕ್ಕೆದು ಅದರದು."

"ಅಕಾ," ಎಂದಳು ಓಯ್ದಿನ್. "ಪೀಪಾಯಿಗೆ ಹೋಗಿದ್ದು ಸಾಯಲ್ಲ. ನಾನು ಮೂರು ವರ್ಷದಿಂದ ಇದೊಂದನ್ನೇ ನೋಡ್ತಿರೋದು. ಚೂರು ಚೂರಾಗತ್ತೆ, ಮಣಿ ಮಣಿಯಾಗಿ ಬಿಚ್ಚಿಕೊಳ್ಳತ್ತೆ, ಆ ಮಣಿಗಳನ್ನೇ ತಗೊಂಡು ಮೈ ಇನ್ನೊಂದನ್ನ ಕಟ್ಟತ್ತೆ. ಒಂದು ಮಣೀನೂ ಬಿಸಾಕಲ್ಲ. ನಿಮ್ಮ ರೊಟ್ಟಿ ಕೋಳಿ ಆಯ್ತು. ಕೋಳಿ ಮೊಟ್ಟೆ ಆಗ್ತಾ ಇದೆ."

"ಮೂರು ತಿಂಗಳಾಯ್ತಲ್ಲ ತಂಗೀ. ಅಷ್ಟು ದಿನ ನನ್ನ ರೊಟ್ಟಿ ಆ ಕೋಳೀಲಿ ಉಳ್ದಿರತ್ತಾ?"

ಎಲ್ಲರೂ ದೊಮ್ಲಾರನ್ನು ನೋಡಿದರು. ದೊಮ್ಲಾ ಕನ್ನಡಕ ಹಾಕಿಕೊಂಡರು. ಮೂವತ್ತು ದೇಶಗಳ ಮುಂದೆ ನಿಂತಾಗಲೂ ಅವರ ಮುಖ ಇಷ್ಟು ಗಂಭೀರವಾಗಿದ್ದಿರಲಾರದು. "ಎಷ್ಟು ಅಂತ ಹೇಳಕ್ಕಾಗಲ್ಲ," ಎಂದರು. "ಬಹಳ ಕಮ್ಮಿ. ಆದ್ರೆ ಇಲ್ಲ ಅಂತ ಹೇಳೋ ಧೈರ್ಯ ಯಾವ ವಿಜ್ಞಾನಿಗೂ ಇಲ್ಲ."

"ಹಾಗಿದ್ರೆ ನಡುವೆ ಇಟ್ಟ ಮೊಟ್ಟೆಗಳೆಲ್ಲ?"

ರವಿಲ್ ಕೆಮ್ಮಿದ. "ಮಾರ್ಚಿನಲ್ಲಿ ನವ್ರೂಜ್ ಹಬ್ಬಕ್ಕೆ ಖೋಲಾ ತಂದಿದ್ರು. ನಾನು ಮೂರು ತಿಂದೆ."

"ನಾನು ಎರಡು," ಎಂದರು ದೊಮ್ಲಾ.

"ಅಂದ್ರೆ ನಾನು ಇಲ್ಲದಾಗ ನನ್ನ ರೊಟ್ಟೀನ ನೀವೆಲ್ಲ ತಿಂದ್ಕೊಂಡು ಕೂತಿದ್ರಿ." ತುರೊಬ್ ಅಕಾ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು. ಅವರ ಗಡ್ಡದೊಳಗೆ ಏನೋ ನಡುಗಿತು. ಅಳುತ್ತಾರೆಂದು ಓಯ್ದಿನ್ ಹೆದರಿದಳು. ನಗು ಬರುತ್ತಿತ್ತು, ಹಲ್ಲಿಲ್ಲದ ಸಂದಿಯಿಂದ ಸಿಳ್ಳಿನಂತೆ. "ಬೇಯ್ಸು ಹೋಗು. ಗಟ್ಟಿ ಬೇಯ್ಬೇಕು."

ಹನ್ನೆರಡು ನಿಮಿಷ ಐವರೂ ಕೆಟಲಿನೊಳಗೆ ಒಂದು ಮೊಟ್ಟೆ ಕುಣಿಯುವುದನ್ನು ನೋಡುತ್ತ ನಿಂತರು. ಓಯ್ದಿನ್ ಅದನ್ನು ಚಮಚದಲ್ಲಿ ಎತ್ತಿ, ಬೆರಳು ಸುಡುತ್ತಿದ್ದರೂ ತಣ್ಣೀರಿಗೆ ಹಾಕದೆ ಸುಲಿದಳು. ಸಿಪ್ಪೆ ಸಣ್ಣ ಸಣ್ಣ ಚೂರಾಗಿ ಬಂತು, ಒಂದು ಚೂರೂ ನೆಲಕ್ಕೆ ಬೀಳದಂತೆ ಹಿಡಿದುಕೊಂಡಳು. ಆಮೇಲೆ ಬಿಳುಪಾದ, ಬಿಸಿಯಾದ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕೊಟ್ಟ ಮಾತಿನಂತೆ ತುರೊಬ್ ಅಕಾರ ಕೈಗೆ ತಾನೇ ಕೊಟ್ಟಳು.

ಅವರು ಒಳಗೇ ಏನೋ ಅಂದುಕೊಂಡು, ಉಪ್ಪೂ ಕೇಳದೆ ತಿಂದರು. ಅವಸರ ಮಾಡಲಿಲ್ಲ. ಕಡೆಯ ತುತ್ತು ಗಂಟಲಲ್ಲಿ ಇಳಿಯುವುದು ಗಡ್ಡದ ಕೆಳಗೂ ಕಾಣಿಸಿತು. ಊಟ ಮುಗಿದ ಪ್ರಾರ್ಥನೆಗೆ ಅಂಗೈಗಳನ್ನು ಮುಖದ ಮೇಲೆ ಎಳೆದುಕೊಂಡು, ಸುತ್ತ ಒಮ್ಮೆ ನೋಡಿದರು, ಕಿಟಕಿ, ಬಟ್ಟೆ ಹೊದ್ದ ಯಂತ್ರ, ನೇರಳೆ ಷೂಗಳ ದೊಮ್ಲಾ, ಎಲ್ಲವನ್ನೂ ಈಗ ತಾನೆ ಕಂಡವರಂತೆ.

"ಹ್ಞಾಂ," ಎಂದರು. "ಬಂದೆ."